ಹಳೆಯ ಡಿಸ್ಕಿನ ಕಡತಗಳನ್ನು ಕಳೆದುಕೊಳ್ಳದೆ ರೈಡ್ 1 ಜೋಡಿಸುವುದು ಹೇಗೆ?

ಪ್ರಶ್ನೆ:
ಮನೆಯ ಕಂಪ್ಯೂಟರಿನಲ್ಲಿ ಉಬುಂಟು ಲಿನಕ್ಸ್ 500 ಜಿಬಿಯ ಎಸ್‌ಎಸ್‌ಡಿಯಲ್ಲಿದೆ. ಕುಟುಂಬದ ಫೋಟೊಗಳು, ತಂದೆಯವರು ವರ್ಷಗಟ್ಟಲೆ ಧ್ವನಿಮುದ್ರಿಸಿಕೊಂಡ ತಾಳಮದ್ದಳೆಗಳು ಬೇರೊಂದು 4 ಟಿಬಿ ಹಾರ್ಡ್ ಡಿಸ್ಕಿನಲ್ಲಿವೆ. ಅಷ್ಟೇ ಗಾತ್ರದ ಹೊಸ ಡಿಸ್ಕ್ ತಂದಿದ್ದೇನೆ. ಒಂದು ಕೆಟ್ಟರೂ ಇನ್ನೊಂದರಲ್ಲಿ ಎಲ್ಲವೂ ಉಳಿಯುವಂತೆ ಎರಡನ್ನೂ ಒಂದರ ಪ್ರತಿಬಿಂಬ ಇನ್ನೊಂದಾಗುವಂತೆ, ಅಂದರೆ ರೈಡ್ 1 ಆಗಿ, ಜೋಡಿಸಬೇಕು. ಬಯಾಸ್‌ನಲ್ಲಿರುವ (ಮದರ್‌ಬೋರ್ಡಿನ ಆರಂಭಿಕ ಸೆಟ್ಟಿಂಗಿನಲ್ಲಿರುವ) ರೈಡ್ ಆಯ್ಕೆಯನ್ನೇ ಬಳಸಬಹುದೆ?

ಉತ್ತರ 1:
ಬಯಾಸ್‌ನ ಆಯ್ಕೆಯನ್ನು ಮುಟ್ಟಬೇಡಿ. ಲಿನಕ್ಸ್‌ನಲ್ಲಿ ರೈಡ್ ಜೋಡಿಸುವ ಎಂಡಿಎಡಿಎಂ ತಂತ್ರಾಂಶ ಬಳಸಿದರೆ ಜೋಡಣೆಯ ವಿವರ ಡಿಸ್ಕುಗಳಲ್ಲೇ ಬರೆದಿರುತ್ತದೆಯಾದ್ದರಿಂದ, ಮುಂದೆ ಮದರ್‌ಬೋರ್ಡ್ ಕೆಟ್ಟರೂ ಡಿಸ್ಕನ್ನು ಬೇರೊಂದು ಲಿನಕ್ಸ್ ಯಂತ್ರಕ್ಕೆ ಹಾಕಿ ಓದಬಹುದು. ಹೊಸ ಡಿಸ್ಕಿನಲ್ಲಿ ಜಿಪಿಟಿ ಮಾದರಿಯ ವಿಭಾಗವೊಂದನ್ನು (ಪಾರ್ಟಿಷನ್) ಮಾಡಿ. ಒಂದೇ ಗಾತ್ರವೆಂದು ಮಾರುವ ಡಿಸ್ಕುಗಳ ಸೆಕ್ಟರ್ (ದತ್ತಾಂಶ ಬರೆಯುವ ಪುಟ್ಟ ಭಾಗ) ಸಂಖ್ಯೆ ಎಲ್ಲ ಸಲವೂ ಒಂದೇ ಇರುವುದಿಲ್ಲವಾದ ಕಾರಣ, ಕೊನೆಯಲ್ಲಿ 100 ಎಂಬಿಯಷ್ಟು ಜಾಗ ಬಿಡಿ. ರೈಡ್ 1 ರಚಿಸುವಾಗ ಎರಡನೆಯ ಡಿಸ್ಕಿನ ಜಾಗದಲ್ಲಿ 'ಮಿಸ್ಸಿಂಗ್' ಎಂದು ಕೊಟ್ಟರೆ ಒಂಟಿ ಡಿಸ್ಕಿನಿಂದಲೇ ಜೋಡಣೆ ಆರಂಭವಾಗುತ್ತದೆ. ಅದಕ್ಕೆ ಎಲ್ಲವನ್ನೂ ಆರ್‌ಸಿಂಕ್ ಎಂಬ ನಕಲು ತಂತ್ರಾಂಶದಿಂದ ನಕಲಿಸಿ, ಆಮೇಲೆ ಹಳೆಯ ಡಿಸ್ಕನ್ನು ಸೇರಿಸಿ. ಸೆಕೆಂಡಿಗೆ 150 ಎಂಬಿ ವೇಗದಲ್ಲಿ 4 ಟಿಬಿ ಸಮನಾಗಲು ಸುಮಾರು ಏಳೂವರೆ ಗಂಟೆ ಬೇಕು. ಕೊನೆಗೆ ಜೋಡಣೆಯ ವಿವರವನ್ನು ಸಂರಚನಾ ಕಡತಕ್ಕೆ ಬರೆದು ಇನಿಟ್‌ರಾಮ್‌ಎಫ್‌ಎಸ್ (ಲಿನಕ್ಸ್ ಆರಂಭವಾಗುವಾಗ ಬಳಸುವ ಕಡತ) ನವೀಕರಿಸದಿದ್ದರೆ, ಮರುದಿನ ಜೋಡಣೆಗೆ ಕೊಟ್ಟ ಎಂಡಿ0 ಹೆಸರು ಹೋಗಿ ಎಂಡಿ127 ಎಂಬ ಹೆಸರು ಕಾಣಿಸಿಕೊಂಡೀತು.

ಉತ್ತರ 2:
ಕ್ರಮ ಸರಿಯಾಗಿದೆ, ಆದರೆ ಹಳೆಯ ಡಿಸ್ಕನ್ನು ಸೇರಿಸಿದ ಕ್ಷಣದಿಂದ ಅದರಲ್ಲಿದ್ದುದು ಅಳಿಯುತ್ತಾ ಹೋಗುತ್ತದೆ ಎಂಬುದನ್ನು ಒತ್ತಿ ಹೇಳಬೇಕು. ಆ ಏಳೂವರೆ ಗಂಟೆ ನಿಮ್ಮ ಸರ್ವಸ್ವವೂ ಒಂದೇ ಹೊಸ ಡಿಸ್ಕನ್ನು ನಂಬಿಕೊಂಡಿರುತ್ತದೆ. ನನ್ನ ಮನೆಯಲ್ಲಿ ಇದೇ ಹಂತದಲ್ಲಿ ಓದಲಾಗದ ಸೆಕ್ಟರ್ ಎದುರಾಗಿ ಒಂದಿಡೀ ಫೋಲ್ಡರಿನ ಫೋಟೊಗಳು ಹೋದವು; ಅವು ಮತ್ತೆ ಸಿಗಲಿಲ್ಲ. ಆದ್ದರಿಂದ ಮೊದಲು ಎರಡೂ ಡಿಸ್ಕುಗಳಿಗೆ ಸ್ಮಾರ್ಟ್‌ನ (ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ದಾಖಲಿಸುವ ವ್ಯವಸ್ಥೆ) ದೀರ್ಘ ಪರೀಕ್ಷೆ ನಡೆಸಿ, 5 (ಕೆಟ್ಟು ಬದಲಿಸಲಾದ ಸೆಕ್ಟರುಗಳು) ಮತ್ತು 197ನೆಯ (ಓದಲು ತೊಡಕಾಗಿ ಬಾಕಿಯಿರುವ ಸೆಕ್ಟರುಗಳು) ಅಂಶಗಳು ಸೊನ್ನೆ ಇವೆಯೇ ನೋಡಿ. ಸಾಧ್ಯವಿದ್ದರೆ ಇನ್ನೊಂದು ಹೊಸ ಡಿಸ್ಕ್ ಕೊಂಡು, ಹೊಸವೆರಡನ್ನು ಜೋಡಿಸಿ, ಹಳೆಯದನ್ನು ಬೇರೆ ಮನೆಯಲ್ಲಿಡಿ. ಕೈತಪ್ಪಿ ಅಳಿಸಿದ ಕಡತ ಪ್ರತಿಬಿಂಬದಲ್ಲೂ ಆ ಗಳಿಗೆಯಲ್ಲೇ ಅಳಿಯುತ್ತದೆ. ಅದಕ್ಕೆ ಬ್ಯಾಕಪ್ ಒಂದೇ ಪರಿಹಾರ.

ಪ್ರಶ್ನೆ ಕೇಳಿದವರು:
ಪರೀಕ್ಷಿಸಿದೆ. ಹೊಸದು ಸರಿಯಿದೆ, ಹಳೆಯದರಲ್ಲಿ 197ನೆಯ ಅಂಶ 8 ತೋರಿಸುತ್ತಿದೆ. ಮೂರನೆಯ ಡಿಸ್ಕ್ ಕೊಳ್ಳುತ್ತೇನೆ.

ಉತ್ತರ 2:
ಒಳ್ಳೆಯ ನಿರ್ಧಾರ. ಆ ಎಂಟು ಸೆಕ್ಟರುಗಳು ಯಾವ ಕಡತಗಳಲ್ಲಿವೆಯೋ ಅವುಗಳಿಗೆ ಆರ್‌ಸಿಂಕ್ ಓದುವಿಕೆಯ ದೋಷ ತೋರಿಸುತ್ತದೆ. ಆ ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ತಂದೆಯವರ ಬಳಿ ಮೂಲ ಕ್ಯಾಸೆಟ್ಟುಗಳು ಇನ್ನೂ ಇದ್ದರೆ, ಅಷ್ಟನ್ನು ಮಾತ್ರ ಮತ್ತೆ ಮುದ್ರಿಸಿಕೊಂಡರೆ ಸಾಕಾಗುತ್ತದೆ.