ಏರು ಡ್ರೈವ್‌ವೇಗೆ ಹಳೇ ಸ್ನೋ ಬ್ಲೋವರ್: ಯಾವುದು ತಗೊಳ್ಳಲಿ?

ಈ ಬೇಸಿಗೆಯಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನಲ್ಲಿ ಮನೆ ತಗೊಂಡೆವು. ಗ್ಯಾರೇಜು ಮೇಲೆ, ರಸ್ತೆ ಕೆಳಗೆ. ಡ್ರೈವ್‌ವೇ 60 ಅಡಿ, ಕಾರೇ ಏದುಸಿರು ಬಿಡುವಷ್ಟು ಏರು. 500 ಡಾಲರ್ ಒಳಗೆ ಸೆಕೆಂಡ್ ಹ್ಯಾಂಡ್ ಸ್ನೋ ಬ್ಲೋವರ್ (ಹಿಮ ಎಳೆದು ದೂರ ಎಸೆಯುವ ಯಂತ್ರ) ಹುಡುಕುತ್ತಿದ್ದೇವೆ. ಸಿಂಗಲ್ ಸ್ಟೇಜ್, ಅಂದರೆ ಒಂದೇ ಬ್ಲೇಡು ಹಿಮ ಎಳೆದು ಎಸೆಯುವ ಸಣ್ಣ ಯಂತ್ರ, ಸಾಕಾಗುತ್ತಾ? ಅನುಭವ ಇರುವವರು ಹೇಳಿ.

ಸಿರಕ್ಯೂಸ್‌ನಿಂದಲೇ:
ಸಾಕಾಗಲ್ಲ. ಒಂಟಾರಿಯೋ ಸರೋವರದ ಕೃಪೆಯಿಂದ ಇಲ್ಲಿ ವರ್ಷಕ್ಕೆ ಸರಾಸರಿ ಹತ್ತಡಿ ಹಿಮ ಬೀಳುತ್ತದೆ. ಸಿಂಗಲ್ ಸ್ಟೇಜ್‌ನಲ್ಲಿ ಎಂಜಿನ್ ಚಕ್ರ ತಿರುಗಿಸುವುದಿಲ್ಲ. ಮುಂದಿನ ರಬ್ಬರ್ ಪಟ್ಟಿ ನೆಲ ಉಜ್ಜಿ ಒಂದಿಷ್ಟು ಎಳೆಯುತ್ತದೆ, ಅಷ್ಟೇ. ಏರಿನಲ್ಲಿ ತಳ್ಳುವವರು ನೀವೇ. ನಾನು ಮೊದಲ ಚಳಿಗಾಲ ಹಾಗೇ ತಳ್ಳಿ ಸೊಂಟ ಹಿಡಿಸಿಕೊಂಡೆ.

ಮರುವರ್ಷ ಹಳೇ ಟೂ ಸ್ಟೇಜ್ ತಂದೆ. ಅದರಲ್ಲಿ ಬ್ಲೇಡು ಹಿಮ ಎಳೆದರೆ ಹಿಂದಿನ ಫ್ಯಾನ್ ಎಸೆಯುತ್ತದೆ, ಚಕ್ರವನ್ನೂ ಎಂಜಿನ್ನೇ ತಿರುಗಿಸುತ್ತದೆ. ಮಾರುವವನು ಎಂಜಿನ್ ಎಷ್ಟು ಎಚ್‌ಪಿ ಅಂತ ಹೊಗಳಿದ್ದೇ ಹೊಗಳಿದ್ದು. ಅವನ ಗ್ಯಾರೇಜಿನ ಸಮನೆಲದಲ್ಲಿ ಚೆನ್ನಾಗೇ ಓಡಿತು. ನಮ್ಮ ಏರಿಗೆ ಬಂದರೆ ಎಂಜಿನ್ ಗುರ್ರೆನ್ನುತ್ತದೆ, ಯಂತ್ರ ನಿಂತಲ್ಲೇ! ಇಂಥವುಗಳ ಹೊಟ್ಟೆಯಲ್ಲಿ ರಬ್ಬರ್ ಅಂಚಿನ ಸಣ್ಣ ಚಕ್ರವೊಂದು ಲೋಹದ ತಟ್ಟೆಗೆ ಒತ್ತಿಕೊಂಡು ತಿರುಗುತ್ತದೆ. ಫ್ರಿಕ್ಷನ್ ಡಿಸ್ಕ್ ಅನ್ನುತ್ತಾರೆ. ಎಂಜಿನ್ ಬಲ ಗಾಲಿಗಳಿಗೆ ಹೋಗುವುದು ಅದರ ಮೂಲಕವೇ. ಆ ರಬ್ಬರ್ ಸವೆದಿತ್ತು. ಬದಲಿಸಬಹುದು, ದೊಡ್ಡ ಕೆಲಸ ಅಲ್ಲ. ಆದರೆ ಮೊದಲೇ ಗೊತ್ತಿದ್ದರೆ ಚೌಕಾಸಿ ಮಾಡುತ್ತಿದ್ದೆ, ಅಲ್ವಾ?

ಹಾಗಾಗಿ ಏರು ಹತ್ತಿಸಿಯೇ ನೋಡಿ. ಏರು ಇಲ್ಲದಿದ್ದರೆ, ಆಗರ್ (ಮುಂದಿನ ಹಿಮ ಎಳೆಯುವ ಬ್ಲೇಡು) ತಿರುಗಿಸದೆ, ಚಕ್ರ ಓಡಿಸುವ ಡ್ರೈವ್ ಹಿಡಿಕೆ ಮಾತ್ರ ಅದುಮಿ ಯಂತ್ರವನ್ನು ಹಿಂದಕ್ಕೆ ಎಳೆದು ಹಿಡಿಯಿರಿ. ಚಕ್ರ ಸುಮ್ನೆ ನಿಂತುಬಿಟ್ಟರೆ ರಬ್ಬರ್ ಮೇಲೆ ಅನುಮಾನ ಪಡಿ. ಇನ್ನೊಂದು, ಇಂಥ ಹಲವು ಯಂತ್ರಗಳಲ್ಲಿ ಹಿಡಿಕೆ ಬಿಟ್ಟ ಕೂಡಲೇ ಚಕ್ರ ಸಡಿಲವಾಗುತ್ತದೆ. ಏರಿನ ಮಧ್ಯೆ ಬಿಟ್ಟರೆ ನಿಮ್ಮ ಕಡೆಗೇ ಉರುಳಿ ಬರುತ್ತದೆ.

ಮಿನಿಯಾಪೊಲಿಸ್‌ನಿಂದ:
ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಫೋನಿನಲ್ಲಿ ಹೇಳಿ. ಹೋದ ಕೂಡಲೇ ಎಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ಹಳೇ ಪೆಟ್ರೋಲ್ ಕಾರ್ಬ್ಯುರೇಟರ್‌ನಲ್ಲಿ ಅಂಟಾಗಿ ಕೂತಿದ್ದರೆ ತಣ್ಣಗಿರುವಾಗಲೇ ಗೊತ್ತಾಗುವುದು. ಆಮೇಲೆ ಎಂಜಿನ್ ಆರಿಸಿ, ಸ್ಪಾರ್ಕ್ ಪ್ಲಗ್ ವೈರ್ ಕಿತ್ತು, ಷಿಯರ್ ಪಿನ್ (ಆಗರನ್ನು ಶಾಫ್ಟಿಗೆ ಹಿಡಿಸುವ, ಹೊಡೆತ ಬಿದ್ದರೆ ಬೇಕೆಂದೇ ಮುರಿಯುವ ಪಿನ್) ತೆಗೆದು ಆಗರನ್ನು ತಿರುಗಿಸಿ. ಶಾಫ್ಟಿನ ಮೇಲೆ ಸಲೀಸಾಗಿ ತಿರುಗಬೇಕು. ತುಕ್ಕು ಹಿಡಿದು ಅಂಟಿದ್ದರೆ ಬೇಡ. ಕಲ್ಲು ಸಿಕ್ಕಾಗ ಪಿನ್ ಮುರಿಯುವ ಬದಲು ಹೊಡೆತ ಗೇರ್‌ಬಾಕ್ಸಿಗೆ ಬೀಳುತ್ತದೆ. ಪಿನ್ ಜಾಗದಲ್ಲಿ ಮಾಮೂಲಿ ಬೋಲ್ಟ್ ಕಂಡರೂ ವಾಪಸ್ ಬನ್ನಿ.

ಟೊರೊಂಟೊದಿಂದ:
ಟೈರಿಗೆ ಚೈನ್ ಹಾಕಿ. ನಮ್ಮ ಮನೆ ಏರಿಗೆ ಅದೊಂದೇ ಸಾಕಾಯಿತು. ಏರಿಗೆ ಅಡ್ಡಡ್ಡ ಓಡಿಸಬೇಡಿ, ಮೇಲಕ್ಕೆ ಕೆಳಕ್ಕೆ ಮಾತ್ರ.

ಕೇಳಿದವರು:
ಥ್ಯಾಂಕ್ಸ್. ರಸ್ತೆಯ ಹಿಮ ತಳ್ಳುವ ಪ್ಲೋ ಗಾಡಿ ಡ್ರೈವ್‌ವೇ ಬಾಯಲ್ಲಿ ಗುಡ್ಡೆ ಹಾಕಿ ಹೋಗುತ್ತದಲ್ಲ, ಅದನ್ನು ಏನು ಮಾಡುತ್ತೀರಿ?

ಸಿರಕ್ಯೂಸ್‌ನಿಂದ:
ಅದೇ ನಿಜವಾದ ಪರೀಕ್ಷೆ. ಗಟ್ಟಿಯಾಗುವ ಮೊದಲೇ ಹೋಗಿ, ಅರ್ಧರ್ಧ ಅಗಲ ತೆಗೆಯಿರಿ. ಒದ್ದೆ ಹಿಮ ಯಂತ್ರದ ಬಾಯಿಗೆ ಕಟ್ಟಿಕೊಳ್ಳುತ್ತದೆ. ಆಗ ಕೈ ಮಾತ್ರ ಹಾಕಬೇಡಿ, ಎಂಜಿನ್ ಆರಿದ್ದರೂ. ಸಿಕ್ಕಿಕೊಂಡ ಬ್ಲೇಡು ಬಿಡಿಸಿದ ಕೂಡಲೇ ಒಮ್ಮೆ ಸರ್ರನೆ ತಿರುಗಬಹುದು. ಎಂಜಿನ್ ಆರಿಸಿ, ಎಲ್ಲ ನಿಂತ ಮೇಲೆ ಕೋಲಿನಿಂದ ತೆಗೆಯಿರಿ.

ಕೇಳಿದವರು:
ಶನಿವಾರ ಒಂದು ನೋಡಲು ಹೋಗುತ್ತಿದ್ದೇವೆ. 24 ಇಂಚು ಅಗಲದ ಟೂ ಸ್ಟೇಜ್, 400 ಡಾಲರ್ ಹೇಳುತ್ತಿದ್ದಾರೆ.

ಸಿರಕ್ಯೂಸ್‌ನಿಂದ:
ಅವರ ಮನೆ ಹತ್ತಿರ ಏರು ಇದೆಯಾ ಕೇಳಿ.