ಅಯೋವಾ ವಿಶ್ವವಿದ್ಯಾಲಯದ ದೃಶ್ಯಕಲಾ ಕಟ್ಟಡ: ವಿಶ್ಲೇಷಣೆಯನ್ನು ಎಲ್ಲಿಂದ ಆರಂಭಿಸಬೇಕು?

ವಿದ್ಯಾನಗರ ವಿದ್ಯಾರ್ಥಿನಿ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ಬಿ.ಆರ್ಕ್ (ವಾಸ್ತುಶಿಲ್ಪ ಪದವಿ) ನಾಲ್ಕನೆಯ ವರ್ಷದಲ್ಲಿ ಓದುತ್ತಿದ್ದೇನೆ. ಸೆಮಿನಾರಿಗಾಗಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ದೃಶ್ಯಕಲಾ ಕಟ್ಟಡವನ್ನು ಆರಿಸಿಕೊಂಡಿದ್ದೇನೆ. ವಾಸ್ತುಶಿಲ್ಪಿ ಸ್ಟೀವನ್ ಹಾಲ್ ಅವರ ಕಚೇರಿಯು ಬಿಎನ್‌ಐಎಂ ಎಂಬ ಇನ್ನೊಂದು ವಾಸ್ತುಶಿಲ್ಪ ಸಂಸ್ಥೆಯ ಜೊತೆಗೂಡಿ ರೂಪಿಸಿದ, 2016ರಲ್ಲಿ ಬಳಕೆಗೆ ತೆರೆದ ಈ ಕಟ್ಟಡದ ವಿಸ್ತೀರ್ಣ ಸುಮಾರು 1,26,000 ಚದರ ಅಡಿ. ನಾಲ್ಕು ಅಂತಸ್ತುಗಳ ಅಗಲವಾದ ಕಟ್ಟಡವನ್ನು ಏಳು ಕಡೆ ಮೇಲಿನಿಂದ ಕೆಳಗೆ ಕೊರೆದು, ಬೆಳಕು ಮತ್ತು ಗಾಳಿ ನಡುಭಾಗದವರೆಗೂ ತಲುಪುವಂತೆ ಮಾಡಿದ್ದಾರೆ. ಹೊರಮೈಗೆ ನೀಲಿ-ಹಸಿರು ಛಾಯೆಯ ಸತುವಿನ ಹಾಳೆಗಳಿದ್ದು, ಆಗ್ನೇಯ ಮತ್ತು ನೈಋತ್ಯದ ಬಿಸಿಲು ಬೀಳುವ ಕಡೆಗಳಲ್ಲಿ ರಂಧ್ರಗಳುಳ್ಳ ಸ್ಟೇನ್‌ಲೆಸ್ ಸ್ಟೀಲ್ ಪರದೆಗಳಿವೆ.

ಇಷ್ಟನ್ನು ಬರೆದು ತೋರಿಸಿದಾಗ ನಮ್ಮ ಗೈಡ್ "ಇದು ವರ್ಣನೆಯಾಯಿತು, ವಿಶ್ಲೇಷಣೆ ಎಲ್ಲಿದೆ?" ಎಂದು ಕೇಳಿದರು. ಈ ಕಟ್ಟಡದ ಬಗ್ಗೆ ಓದಿದ ಬಹುತೇಕ ಬರಹಗಳು ಬೆಳಕನ್ನು ಹೊಗಳಿ ಮುಗಿಯುತ್ತವೆ. ಹೊಗಳಿಕೆಯನ್ನು ಪಕ್ಕಕ್ಕಿಟ್ಟು ಇದನ್ನು ಯಾವ ಎಳೆ ಹಿಡಿದು ಓದಬೇಕು ಎಂಬುದು ನನ್ನ ಮೊದಲ ಪ್ರಶ್ನೆ. ಮುಂದಿನ ವರ್ಷ ಧಾರವಾಡದಲ್ಲಿ ಒಂದು ಚಿತ್ರಕಲಾ ಕಾಲೇಜನ್ನು ಥೀಸಿಸ್‌ಗೆ ತೆಗೆದುಕೊಳ್ಳುವ ಯೋಚನೆಯಿದೆ. ಇಂತಹ ಬೆಳಕಿನ ಅಂಗಳಗಳು ನಮ್ಮ ಬಿಸಿಲು ಮಳೆಗೆ ಹೊಂದುತ್ತವೆಯೇ ಎಂಬುದು ಎರಡನೆಯದು.

ಮಾಳಮಡ್ಡಿ ಆರ್ಕಿಟೆಕ್ಟ್, ಧಾರವಾಡ

ತಂಗಿ, ಬೆಳಕಿನಿಂದ ಆರಂಭಿಸಬೇಡ. ಈ ಕಟ್ಟಡ ಏಕೆ ಬೇಕಾಯಿತು ಎಂಬುದರಿಂದ ಆರಂಭಿಸು. 2008ರ ಜೂನ್‌ನಲ್ಲಿ ಅಯೋವಾ ನದಿಗೆ ಮಹಾಪೂರ ಬಂದು, 1936ರ ಹಳೆಯ ಕಲಾ ಕಟ್ಟಡ ಹಾನಿಗೊಂಡಿತು. ಸ್ಟುಡಿಯೋ ವಿಭಾಗಗಳು ಹಲವು ವರ್ಷಗಳ ಕಾಲ ಊರಿನ ಇನ್ನೊಂದು ಭಾಗದಲ್ಲಿ, ಹಿಂದೆ ಕಟ್ಟಡ ಸಾಮಗ್ರಿಗಳನ್ನು ಮಾರುತ್ತಿದ್ದ ಒಂದು ದೊಡ್ಡ ಮಳಿಗೆಯಲ್ಲಿ ನಡೆದವು. ಕುಂಬಾರಿಕೆ, ಲೋಹಕಲೆ, ಶಿಲ್ಪ, ಮುದ್ರಣ, ಛಾಯಾಗ್ರಹಣ ಎಲ್ಲವೂ ಒಂದೇ ಸೂರಿನಡಿ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಅದು ತಾನಾಗಿ ಒದಗಿದ ಪ್ರಯೋಗ. ಅಂತಹ ಚಪ್ಪಟೆ ಗೋದಾಮಿನಲ್ಲಿ ಸಹಜವಾಗಿಯೇ ಸಿಗುವ ಒಡನಾಟವನ್ನು ನಾಲ್ಕು ಅಂತಸ್ತುಗಳಲ್ಲಿ ಮತ್ತೆ ಹೇಗೆ ದೊರಕಿಸುವುದು ಎಂಬ ಪ್ರಶ್ನೆಗೆ ಹೊಸ ಕಟ್ಟಡ ಉತ್ತರ ಕೊಡಲು ಯತ್ನಿಸುತ್ತದೆ ಎಂದು ಓದಿದರೆ, ಉಳಿದ ವಿವರಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ಕೂರುತ್ತವೆ.

ಪಕ್ಕದಲ್ಲಿಯೇ ಅದೇ ವಾಸ್ತುಶಿಲ್ಪಿಯ 2006ರ ಆರ್ಟ್ ಬಿಲ್ಡಿಂಗ್ ವೆಸ್ಟ್ ಇದೆ. ಅದು ತುಕ್ಕುಬಣ್ಣದ ಉಕ್ಕಿನ ಹಾಳೆಗಳಿಂದ ಜೋಡಿಸಿದ, ಹಳೆಯ ಕಲ್ಲುಕ್ವಾರಿಯ ಕೊಳದ ಮೇಲೆ ಅಡ್ಡವಾಗಿ ಚಾಚಿಕೊಂಡ ಕಟ್ಟಡ. ಅದು ಅಡ್ಡಡ್ಡಲಾಗಿ ತೆರೆದುಕೊಂಡರೆ ಹೊಸದು ಮೇಲಿನಿಂದ ಕೆಳಗೆ ತೆರೆದುಕೊಳ್ಳಬೇಕು ಎಂಬುದು ಹಾಲ್ ಅವರೇ ಹೇಳಿಕೊಂಡ ಆಶಯ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡದೆ ಹೊಸದರ ಆಕಾರದ ಬಗ್ಗೆ ಮಾತನಾಡುವುದರಲ್ಲಿ ಹುರುಳಿಲ್ಲ.

ಇನ್ನು ಸೆಕ್ಷನ್, ಅಂದರೆ ಕಟ್ಟಡವನ್ನು ಮೇಲಿನಿಂದ ಕೆಳಗೆ ಸೀಳಿ ಒಳಗನ್ನು ತೋರಿಸುವ ನಕ್ಷೆ. ನಿನ್ನ ವಿಶ್ಲೇಷಣೆಯ ತೂಕವೆಲ್ಲ ಇಲ್ಲಿರಬೇಕು. ಏಳು ಕೊರೆತಗಳಲ್ಲಿ ಒಂದನ್ನು ಆರಿಸಿಕೊಂಡು 1:50ರ ಅಳತೆಯಲ್ಲಿ ಸೆಕ್ಷನ್ ಬರೆ. ಸ್ಲ್ಯಾಬ್‌ಗಳ ಅಂಚುಗಳು ಒಂದರ ಕೆಳಗೊಂದು ನೇರವಾಗಿ ನಿಲ್ಲುವುದಿಲ್ಲ. ಒಂದು ಅಂತಸ್ತು ಇನ್ನೊಂದರ ಮೇಲೆ ತುಸು ಜಾರಿದಂತಿದೆ. ಅಂಚುಗಳು ನೆಟ್ಟಗಿದ್ದಿದ್ದರೆ ಅದು ಬೆಂಗಳೂರಿನ ಮಾಲ್‌ಗಳಲ್ಲಿ ಕಾಣುವ ಸಾಮಾನ್ಯ ಏಟ್ರಿಯಂ (ಎಲ್ಲ ಅಂತಸ್ತುಗಳ ನಡುವೆ ತೆರೆದ ದೊಡ್ಡ ಜಾಗ) ಆಗಿ, ಎಲ್ಲ ಅಂತಸ್ತಿನವರಿಗೂ ಒಂದೇ ದೃಶ್ಯ ಕಾಣುತ್ತಿತ್ತು, ಸದ್ದೂ ಒಂದೇ ಹೊಂಡದಲ್ಲಿ ಸೇರುತ್ತಿತ್ತು. ಜಾರಿಸಿದ್ದರಿಂದ ಒಂದು ಕಡೆ ಬಾಲ್ಕನಿ ಹುಟ್ಟಿತು, ಇನ್ನೊಂದು ಕಡೆ ಮೇಲಿನ ಸ್ಲ್ಯಾಬ್ ಕೆಳಗಿನ ಗಾಜಿಗೆ ನೆರಳಾಯಿತು, ಮೂರನೆಯ ಕಡೆ ಕೆಳಗಿನ ಸ್ಟುಡಿಯೋದ ಒಂದು ತುಣುಕಷ್ಟೇ ಮೇಲಿನವರಿಗೆ ಕಾಣುವಂತಾಯಿತು. ಪ್ರತಿ ಅಂತಸ್ತಿನಲ್ಲಿಯೂ ಒಬ್ಬ ಮನುಷ್ಯನನ್ನು ನಿಲ್ಲಿಸಿ, ಅವನ ಕಣ್ಣಿನಿಂದ ಗೆರೆಗಳನ್ನು ಎಳೆ. ಯಾರು ಯಾರನ್ನು ಕಾಣುತ್ತಾರೆ, ಯಾರು ಕಾಣದೆ ಕೆಲಸ ಮಾಡಬಲ್ಲರು ಎಂಬುದನ್ನು ಆ ಗೆರೆಗಳೇ ಹೇಳುತ್ತವೆ.

ಮೆಟ್ಟಿಲುಗಳಿಗೂ ಒಂದು ಪುಟ ಕೊಡು. ಕೆಲವು ಮೆಟ್ಟಿಲುಗಳು ಮೇಜು ಕುರ್ಚಿ ಹಾಕುವಷ್ಟು ದೊಡ್ಡ ಲ್ಯಾಂಡಿಂಗ್‌ಗಳಲ್ಲಿ ನಿಲ್ಲುತ್ತವೆ, ಕೆಲವು ಸೋಫಾ ಇರುವ ಕೂಟದ ಜಾಗಕ್ಕೆ ತೆರೆದುಕೊಳ್ಳುತ್ತವೆ. ನನ್ನ ಮಟ್ಟಿಗೆ ಈ ಕಟ್ಟಡದ ನಿಜವಾದ ಗೆಲುವು ಅದು. ಪತ್ರಿಕೆಗಳಲ್ಲಿ ಅಚ್ಚಾದ ಗಾಜಿನ ಫೋಟೋಗಳು ಅದರ ಮುಂದೆ ಎರಡನೆಯ ದರ್ಜೆಯವು. ಎಲಿವೇಷನ್, ಅಂದರೆ ಹೊರಮುಖದ ನೋಟದ ಬಗ್ಗೆ ಒಂದು ಪ್ಯಾರಾ ಸಾಕು.

ಬೆಟಗೇರಿ ಮುದ್ರಣಕಲೆ, ಗದಗ

ನಾನು ಕಟ್ಟಡ ಕಟ್ಟುವವನಲ್ಲ, ಅದರೊಳಗೆ ಕೆಲಸ ಮಾಡುವವನು, ಮುದ್ರಣಕಲೆಯನ್ನು ಕಲಿಸುತ್ತೇನೆ. ಮೇಲಿನ ಉತ್ತರ ಚೆನ್ನಾಗಿದೆ, ಆದರೆ ಅದರಲ್ಲಿ ಗೋಡೆಯ ಪ್ರಸ್ತಾಪವೇ ಇಲ್ಲ. ಕಲಾಶಾಲೆಯಲ್ಲಿ ಗೋಡೆಯೆಂದರೆ ಅರ್ಧ ಪಾಠಶಾಲೆ. ಹುಡುಗರು ಚಿತ್ರಗಳನ್ನು ತೂಗುಹಾಕಿ, ಹತ್ತು ಹೆಜ್ಜೆ ಹಿಂದೆ ಸರಿದು ನೋಡಿ, ಬೈಸಿಕೊಂಡು ಕಲಿಯುವುದು ಅಲ್ಲಿಯೇ. ನೀವು ಕೊರೆಯುವ ಪ್ರತಿಯೊಂದು ಬೆಳಕಿನ ಅಂಗಳವೂ ತನ್ನ ಸುತ್ತಳತೆಯಷ್ಟು ಗೋಡೆಯನ್ನು ಗಾಜಿಗೆ ಬಿಟ್ಟುಕೊಡುತ್ತದೆ. ಆದ್ದರಿಂದ ನಕ್ಷೆಯ ಮೇಲೆ ಒಂದೊಂದು ಸ್ಟುಡಿಯೋದಲ್ಲಿಯೂ ಮೊಳೆ ಹೊಡೆಯಬಹುದಾದ ಗೋಡೆ ಎಷ್ಟು ಅಡಿ ಉದ್ದ ಉಳಿದಿದೆ ಎಂದು ಅಳೆದು ನೋಡಿ. ವಿಶ್ಲೇಷಣೆ ಎಂದು ನಾನು ಕರೆಯುವುದು ಅಂತಹದ್ದನ್ನು.

ಎರಡನೆಯ ಮಾತು, ಎಲ್ಲ ಕಲೆಗೂ ಬೇಕಾದ ಬೆಳಕು ಒಂದೇ ಅಲ್ಲ. ಚಿತ್ರಕಾರನಿಗೆ ದಿನವಿಡೀ ಬದಲಾಗದ ಉತ್ತರ ದಿಕ್ಕಿನ ಬೆಳಕು ಬೇಕು, ಡಾರ್ಕ್‌ರೂಮಿನವನಿಗೆ ಬೆಳಕೇ ಬೇಡ. ಶಿಲ್ಪದವರಿಗೆ ಓರೆಯಾಗಿ ಬೀಳುವ ಬೆಳಕು ಹಿತ. ನನ್ನ ವಿಷಯಕ್ಕೆ ಬಂದರೆ, ತಾಮ್ರದ ಅಥವಾ ಸತುವಿನ ತಗಡಿಗೆ ಶಾಯಿ ಹಚ್ಚಿ, ತಾರ್ಲಾಟನ್ ಬಟ್ಟೆಯಿಂದ ಒರೆಸುತ್ತಾ ಬಂದಂತೆ, ಗೆರೆಯಲ್ಲಿ ಶಾಯಿ ಎಷ್ಟು ಉಳಿದಿದೆ ಎಂಬುದನ್ನು ತಗಡನ್ನು ಓರೆ ಹಿಡಿದು ನೋಡಬೇಕು. ನೇರ ಬಿಸಿಲು ಬಿದ್ದರೆ ತಗಡು ಕನ್ನಡಿಯಂತೆ ಹೊಳೆದು ಏನೂ ಕಾಣುವುದಿಲ್ಲ. ಅದಕ್ಕಾಗಿ ನಾವು ಕಿಟಕಿಗೆ ಬಟರ್ ಪೇಪರ್ ಅಂಟಿಸಿಕೊಂಡಿರುತ್ತೇವೆ. ವಾಸ್ತುಶಿಲ್ಪಿಗಳು ಫೋಟೋ ತೆಗೆಯಲು ಬಂದ ದಿನ ಅದನ್ನು ಕಿತ್ತು ಹಾಕಿಸುತ್ತಾರೆ. ಆ ಸ್ಟೀಲ್ ಪರದೆ ಈ ಬಟರ್ ಪೇಪರಿನ ಕೆಲಸವನ್ನು ಮಾಡುತ್ತದೆಯೋ ಅಥವಾ ಮೇಜಿನ ಮೇಲೆ ಚುಕ್ಕೆ ಚುಕ್ಕೆ ಬಿಸಿಲನ್ನು ಬೀಳಿಸುತ್ತದೆಯೋ ಎಂಬ ಪ್ರಶ್ನೆಯನ್ನು ನಿಮ್ಮ ಬರಹ ಕೇಳಬೇಕು.

ಹೋಲಿಕೆಗೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪಿ ಪಾಲ್ ರುಡಾಲ್ಫ್ ಕಟ್ಟಿಸಿದ 1963ರ ಕಲೆ ಮತ್ತು ವಾಸ್ತುಶಿಲ್ಪ ಕಟ್ಟಡವನ್ನು ನೋಡಿ. ಅದರ ಸೆಕ್ಷನ್ ಕೂಡ ಬಹಳ ಹೆಸರು ಮಾಡಿತು. ಒಂದೇ ಕಟ್ಟಡದಲ್ಲಿ 37 ಬೇರೆ ಬೇರೆ ಮಟ್ಟಗಳಿದ್ದವು. ಆದರೆ ಶಿಲ್ಪಿಗಳ ಪಾಲಿಗೆ ನೆಲಮಾಳಿಗೆ ಬಂತು, ಚಿತ್ರಕಾರರು ತಮಗೆ ಸಿಕ್ಕ ಜಾಗ ಮತ್ತು ಬೆಳಕಿನ ಬಗ್ಗೆ ಸದಾ ಗೊಣಗಿದರು. 1969ರಲ್ಲಿ ಅದಕ್ಕೆ ಬೆಂಕಿ ಬಿತ್ತು. ಸೆಕ್ಷನ್ ಚೆಂದವಿದ್ದ ಮಾತ್ರಕ್ಕೆ ಒಳಗಿನವರು ಸುಖವಾಗಿರುತ್ತಾರೆ ಎಂದೇನೂ ಇಲ್ಲ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ತಿಳಿಯದು.

ಹಾವೇರಿ ಸ್ಟ್ರಕ್ಚರ್

ಸ್ಲ್ಯಾಬ್ ಬಗ್ಗೆ ಯಾರೂ ಬರೆದಿಲ್ಲ, ಅದನ್ನು ನಾನು ಸೇರಿಸುತ್ತೇನೆ. ಈ ಕಟ್ಟಡದಲ್ಲಿರುವುದು ಬಬಲ್ ಸ್ಲ್ಯಾಬ್, ಅಂದರೆ ಕಾಂಕ್ರೀಟಿನ ನಡುವೆ ಟೊಳ್ಳಾದ ಪ್ಲಾಸ್ಟಿಕ್ ಚೆಂಡುಗಳನ್ನು ಹುದುಗಿಸಿದ ಸ್ಲ್ಯಾಬ್. ಬಾಗುವ ಸ್ಲ್ಯಾಬಿನಲ್ಲಿ ಮೇಲ್ಭಾಗದ ಕಾಂಕ್ರೀಟು ಒತ್ತಡವನ್ನೂ ಕೆಳಭಾಗದ ಕಬ್ಬಿಣ ಎಳೆತವನ್ನೂ ಹೊರುತ್ತವೆ. ನಡುವಿನ ಕಾಂಕ್ರೀಟು ಬಹುಮಟ್ಟಿಗೆ ತನ್ನ ಭಾರವನ್ನೇ ತಾನು ಹೊತ್ತುಕೊಂಡಿರುತ್ತದೆ. ಅದನ್ನು ತೆಗೆದರೆ ತೂಕ ಸುಮಾರು ಮೂರನೇ ಒಂದು ಭಾಗ ಇಳಿದು, ಬೀಮ್ ಇಲ್ಲದೆಯೇ ದೂರದೂರ ಕಾಲಂ ನಿಲ್ಲಿಸಬಹುದು. ಕಾಲಂ ತಲೆಯ ಸುತ್ತ ಮಾತ್ರ ಚೆಂಡು ಹಾಕದೆ ಗಟ್ಟಿಯಾಗಿಯೇ ಬಿಡಬೇಕು, ಇಲ್ಲದಿದ್ದರೆ ಕಾಲಂ ಸ್ಲ್ಯಾಬನ್ನು ಚುಚ್ಚಿಕೊಂಡು ಮೇಲೆ ಬರುವ ಅಪಾಯವಿದೆ. ಅಂತಸ್ತುಗಳನ್ನು ಜಾರಿಸುವ ಸ್ವಾತಂತ್ರ್ಯಕ್ಕೆ ಬೀಮ್ ಇಲ್ಲದ ಈ ಚಪ್ಪಟೆ ಸ್ಲ್ಯಾಬ್ ತುಂಬ ನೆರವಾಗುತ್ತದೆ. ವಿಶ್ಲೇಷಣೆಯಲ್ಲಿ ಈ ಎರಡನ್ನೂ ಜೋಡಿಸಿಯೇ ಹೇಳಬೇಕು.

ಅದೇ ಸ್ಲ್ಯಾಬಿನ ಮೂಲಕವೇ ಕಟ್ಟಡವನ್ನು ಬೆಚ್ಚಗೆ ಅಥವಾ ತಂಪಾಗಿ ಇಡುವ ಏರ್ಪಾಡೂ ಇದೆ. ಚಳಿಗಾಲದಲ್ಲಿ ಹಿಮ ಬೀಳುವ ಊರಿಗೆ ಇದು ಸರಿ. ಧಾರವಾಡದ ಆಷಾಢ ಶ್ರಾವಣದ ತೇವದ ಗಾಳಿಯಲ್ಲಿ ಸ್ಲ್ಯಾಬನ್ನು ತಂಪು ಮಾಡಿದರೆ ಅದು ಬೆವರಿ, ಹುಡುಗರ ಕಾಗದದ ಮೇಲೆ ಹನಿ ಬೀಳುತ್ತದೆ. ಗಾಳಿಯ ತೇವವನ್ನು ತೆಗೆಯುವ ಯಂತ್ರವಿಲ್ಲದೆ ಇದನ್ನು ಇಲ್ಲಿ ಯೋಚಿಸಲೂಬಾರದು. ಚೆಂಡಿನ ಸ್ಲ್ಯಾಬ್ ಹಾಕುವಾಗ ಹಸಿ ಕಾಂಕ್ರೀಟಿನಲ್ಲಿ ಚೆಂಡುಗಳು ತೇಲಿ ಮೇಲೆ ಬರುತ್ತವೆ. ಜಾಳಿಗೆಯಿಂದ ಕಟ್ಟಿ, ಎರಡು ಸಲವಾಗಿ ಕಾಂಕ್ರೀಟು ಸುರಿಯಬೇಕು. ನಮ್ಮ ಗೌಂಡಿಗಳಿಗೆ ಅದಕ್ಕಿಂತ ಮಂಗಳೂರು ಹಂಚು ತುಂಬಿಸುವ ಫಿಲ್ಲರ್ ಸ್ಲ್ಯಾಬ್ ಸುಲಭ. ತತ್ವ ಅದೇ, ಆದರೆ ಅಷ್ಟು ಉದ್ದದ ಹರವು ಸಿಗುವುದಿಲ್ಲ.

ವಿದ್ಯಾನಗರ ವಿದ್ಯಾರ್ಥಿನಿ, ಹುಬ್ಬಳ್ಳಿ

ಮೂವರಿಗೂ ಧನ್ಯವಾದಗಳು. ಗೋಡೆಯ ಅಳತೆ ಮತ್ತು ಕಣ್ಣಿನ ಗೆರೆಗಳನ್ನು ಒಂದೇ ಹಾಳೆಯಲ್ಲಿ ತರುತ್ತೇನೆ. ಒಂದು ಹೆಚ್ಚಿದಂತೆ ಇನ್ನೊಂದು ಕಡಿಮೆಯಾಗುವುದು ಅದರಲ್ಲಿಯೇ ಕಾಣುತ್ತದೆ ಎನ್ನಿಸುತ್ತದೆ. ಮಾಳಮಡ್ಡಿ ಸರ್, ಧಾರವಾಡದ ಬಿಸಿಲಿನ ಪ್ರಶ್ನೆ ಹಾಗೆಯೇ ಉಳಿಯಿತು. ಉತ್ತರ ದಿಕ್ಕಿಗೆ ಮಾತ್ರ ಗಾಜು ಹಾಕಿದರೆ ಸಾಕಾಗುವುದಿಲ್ಲವೇ?

ಮಾಳಮಡ್ಡಿ ಆರ್ಕಿಟೆಕ್ಟ್, ಧಾರವಾಡ

ಬೆಟಗೇರಿಯ ಗುರುಗಳು ಹೇಳಿದ ಗೋಡೆಯ ಮಾತನ್ನು ಪೂರ್ತಿ ಒಪ್ಪುತ್ತೇನೆ. ಬಿಸಿಲಿಗೆ ಬರೋಣ.

ಅಯೋವಾ ಸಿಟಿ ಸುಮಾರು 41.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಧಾರವಾಡ ಸುಮಾರು 15.5ರಲ್ಲಿದೆ. ಡಿಸೆಂಬರ್ ಕೊನೆಯ ವಾರದ ನಡುಮಧ್ಯಾಹ್ನ ಅಲ್ಲಿ ಸೂರ್ಯ ದಕ್ಷಿಣ ದಿಗಂತದಿಂದ ಸುಮಾರು 25 ಡಿಗ್ರಿ ಮಾತ್ರ ಏರುತ್ತಾನೆ, ಇಲ್ಲಿ 51 ಡಿಗ್ರಿ. ಲೆಕ್ಕಕ್ಕಾಗಿ 6 ಮೀಟರ್ ಅಗಲದ, 16 ಮೀಟರ್ ಆಳದ ಒಂದು ತೆರೆದ ಅಂಗಳವನ್ನು ಭಾವಿಸಿಕೊ. ಆ ದಿನ ಅಯೋವಾದಲ್ಲಿ ಬಿಸಿಲು ಅಂಗಳದ ಉತ್ತರದ ಗೋಡೆಯ ಮೇಲೆ 3 ಮೀಟರ್ ಕೂಡ ಇಳಿಯುವುದಿಲ್ಲ, ಕೆಳಕ್ಕೆ ಬರುವುದೆಲ್ಲ ಚದುರಿದ ಬೆಳಕು. ಧಾರವಾಡದಲ್ಲಿ 7 ಮೀಟರಿಗಿಂತ ಹೆಚ್ಚು ಇಳಿಯುತ್ತದೆ. ಮೇ ತಿಂಗಳ ಮೊದಲ ವಾರದಲ್ಲಿಯೂ ಆಗಸ್ಟ್ ಎರಡನೆಯ ವಾರದಲ್ಲಿಯೂ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಬರುವುದರಿಂದ ಬಿಸಿಲು ನೇರವಾಗಿ ತಳಕ್ಕೆ ಬೀಳುತ್ತದೆ. ಆಗಸ್ಟಿನಲ್ಲಿ ಮೋಡವಿರುತ್ತದೆ, ಮೇ ತಿಂಗಳಲ್ಲಿ ಇರುವುದಿಲ್ಲ.

ಉತ್ತರದ ಗಾಜಿನ ವಿಷಯದಲ್ಲಿ ಎಲ್ಲರೂ ಬಾಲಕೃಷ್ಣ ದೋಶಿಯವರು ಅಹಮದಾಬಾದಿನಲ್ಲಿ 1960ರ ದಶಕದಲ್ಲಿ ಕಟ್ಟಿದ ವಾಸ್ತುಶಿಲ್ಪ ಶಾಲೆಯನ್ನು ತೋರಿಸುತ್ತಾರೆ. ಇಟ್ಟಿಗೆಯ ಗೋಡೆಗಳ ನಡುವೆ ಓರೆಯಾದ ಗಾಜಿನಿಂದ ಬರುವ ಆ ಬೆಳಕು ನಿಜಕ್ಕೂ ಸೊಗಸು. ಆದರೆ ಅಹಮದಾಬಾದ್ 23 ಡಿಗ್ರಿಯಲ್ಲಿದೆ; ಅಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ದಾಟುವುದು ಅರ್ಧ ಡಿಗ್ರಿಗಿಂತಲೂ ಕಡಿಮೆ. ನಮ್ಮಲ್ಲಿ ಜೂನ್ ಕೊನೆಗೆ 8 ಡಿಗ್ರಿ ಉತ್ತರಕ್ಕೆ ಹೋಗಿರುತ್ತಾನೆ. ಹಾಗಾಗಿ ಓರೆ ಗಾಜನ್ನು ನಕಲು ಮಾಡದೆ ನೆಟ್ಟಗಿನ ಗಾಜು ಹಾಕು. 2 ಮೀಟರ್ ಎತ್ತರದ ಗಾಜಿಗೆ ಒಂದು ಅಡಿಯ ಛಜ್ಜಾ ಕೊಟ್ಟರೆ ನಡುಮಧ್ಯಾಹ್ನದ ಬಿಸಿಲು ತಡೆಯುತ್ತದೆ, ಬೆಳಗು ಸಂಜೆಯ ಓರೆ ಬಿಸಿಲಿಗೆ ಅಕ್ಕಪಕ್ಕದಲ್ಲಿ ನಿಲುಪಟ್ಟಿಗಳು ಬೇಕು.

ನವಲಗುಂದ, ನರಗುಂದದ ಕಡೆಯ ಮಣ್ಣಿನ ಮಾಳಿಗೆ ಮನೆಗಳನ್ನೂ ಒಮ್ಮೆ ಹೋಗಿ ಅಳೆದುಕೊಂಡು ಬಾ. ಜಂತಿಗಳ ನಡುವೆ ಬಿಟ್ಟ ಒಂದು ಸಣ್ಣ ಬೆಳಕಿಂಡಿ ದಪ್ಪ ಗೋಡೆಯ ಕತ್ತಲೆಯ ಅಡುಗೆಮನೆಗೆ ಸಾಕಾಗುತ್ತದೆ. ಮಳೆ ಬಂದರೆ ಮಾಳಿಗೆ ಹತ್ತಿ ಮುಚ್ಚುತ್ತಾರೆ. ನೆತ್ತಿಯ ಬಿಸಿಲಿನ ಊರಿನಲ್ಲಿ ಕಿಂಡಿ ಚಿಕ್ಕದಿರಬೇಕು ಮತ್ತು ಮುಚ್ಚಲು ಬರಬೇಕು ಎಂಬ ತಿಳಿವಳಿಕೆ ಅದರಲ್ಲಿದೆ. ಅಯೋವಾದಿಂದ ನೀನು ತರಬೇಕಾದದ್ದು ಗಾಜಿನ ಪ್ರಮಾಣವನ್ನಲ್ಲ. ಒಂದು ದೊಡ್ಡ ಏಟ್ರಿಯಂ ಬದಲು ಹಲವು ಸಣ್ಣ ಅಂಗಳಗಳನ್ನು ಹಂಚುವ ಕ್ರಮವನ್ನು, ಜಾರಿದ ಅಂತಸ್ತುಗಳನ್ನು, ನಿಂತು ಮಾತನಾಡಬಹುದಾದ ಲ್ಯಾಂಡಿಂಗ್‌ಗಳನ್ನು. ಜಾರಿದ ಸ್ಲ್ಯಾಬ್ ಇಲ್ಲಿ ಅಲ್ಲಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ, ಏಕೆಂದರೆ ನಮಗೆ ಮೇಲಿನ ಬಿಸಿಲಿಗೆ ನೆರಳು ಬೇಕು.

ಇನ್ನೊಂದು, ಮುಂಗಾರಿನ ಗಾಳಿಮಳೆ ನಮ್ಮಲ್ಲಿ ನೈಋತ್ಯ ಮತ್ತು ಪಶ್ಚಿಮದಿಂದ ಹೊಡೆಯುತ್ತದೆ. ಅಂಗಳದಲ್ಲಿ ಆ ದಿಕ್ಕಿಗೆ ಮುಖ ಮಾಡಿದ ಬಾಲ್ಕನಿಗಳನ್ನು ಆಳವಾಗಿಟ್ಟು, ತಳದಲ್ಲಿ ನೀರು ಹೋಗುವ ದಾರಿಯನ್ನು ಮೊದಲ ನಕ್ಷೆಯಲ್ಲಿಯೇ ಗುರುತಿಸು. ಥೀಸಿಸ್ ಪರೀಕ್ಷಿಸುವ ಜ್ಯೂರಿಯಲ್ಲಿ ಕುಳಿತವರು ಮೊದಲು ಕೇಳುವುದೇ ಆ ನೀರು ಎಲ್ಲಿಗೆ ಹೋಗುತ್ತದೆ ಎಂದು.