ಮೂಳೆ ಶಸ್ತ್ರಚಿಕಿತ್ಸೆಯ ತರಬೇತಿ: ಟ್ರಯಲ್‌ಗಳನ್ನು ಹೇಗೆ ಓದಬೇಕು, ಕೈಗೆ ಏನನ್ನು ಕಲಿಸಬೇಕು?

ಪ್ರಶ್ನೆ (ಎರಡನೇ ವರ್ಷದ ರೆಸಿಡೆಂಟ್)

ಮೂಳೆ ಮತ್ತು ಕೀಲು ಶಸ್ತ್ರಚಿಕಿತ್ಸೆಯಲ್ಲಿ ಸ್ನಾತಕೋತ್ತರ ತರಬೇತಿ ಪಡೆಯುತ್ತಿರುವ ನನ್ನನ್ನು ಕೆಲವು ತಿಂಗಳಿಂದ ಒಂದು ಗೊಂದಲ ಕಾಡುತ್ತಿದೆ. ಜರ್ನಲ್ ಕ್ಲಬ್‌ನಲ್ಲಿ ನಾವು ಓದುವ ದೊಡ್ಡ ಟ್ರಯಲ್‌ಗಳಲ್ಲಿ (ರೋಗಿಗಳನ್ನು ಗುಂಪುಗಳಾಗಿಸಿ ಚಿಕಿತ್ಸೆಗಳನ್ನು ಹೋಲಿಸುವ ಅಧ್ಯಯನಗಳಲ್ಲಿ) ಹಲವು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೂ ಮಾಡಿಸಿಕೊಳ್ಳದವರಿಗೂ ಕೊನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎನ್ನುತ್ತವೆ. ಅದೇ ಮಧ್ಯಾಹ್ನ ಅದೇ ಶಸ್ತ್ರಚಿಕಿತ್ಸೆಯನ್ನು ಕಲಿಯಲು ನಾವು ಥಿಯೇಟರ್‌ನಲ್ಲಿ ಸರದಿ ಕಾಯುತ್ತಿರುತ್ತೇವೆ. 2013ರಲ್ಲಿ ಪ್ರಕಟವಾದ ಫಿನ್ಲೆಂಡಿನ ಫಿಡೆಲಿಟಿ ಟ್ರಯಲ್‌ನಲ್ಲಿ, ಸವೆದು ಹರಿದ ಮೆನಿಸ್ಕಸ್ಸಿನ (ಮಂಡಿಯೊಳಗಿನ ಮೆತ್ತೆಯಂಥ ಮೃದ್ವಸ್ಥಿಯ) ಭಾಗವನ್ನು ತೆಗೆಸಿಕೊಂಡವರೂ, ಮಂಡಿಯೊಳಗೆ ಆರ್ತ್ರೋಸ್ಕೋಪ್ (ಕೀಲಿನ ಒಳಗನ್ನು ನೋಡುವ ಸಣ್ಣ ದುರ್ಬೀನು) ಹಾಕಿ ನೋಡಿದ ಮೇಲೆ ಕತ್ತರಿಸಿದಂತೆ ನಟಿಸಲಾದ ಗುಂಪಿನವರೂ ಒಂದು ವರ್ಷದ ನಂತರ ಸರಿಸುಮಾರು ಒಂದೇ ಸ್ಥಿತಿಯಲ್ಲಿದ್ದರು. 2015ರ ಪ್ರಾಫರ್ ಟ್ರಯಲ್‌ನಲ್ಲಿ ಭುಜದ ಬಳಿ ತೋಳುಮೂಳೆ ಮುರಿದ 250 ಜನರನ್ನು ಎರಡು ವರ್ಷ ಗಮನಿಸಿದಾಗಲೂ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಹಾಗಾದರೆ ಈ ಶಸ್ತ್ರಚಿಕಿತ್ಸೆಗಳನ್ನು ಕಲಿಯಲು ವರ್ಷಗಟ್ಟಲೆ ಬೆವರು ಹರಿಸುವುದಕ್ಕೆ ಏನರ್ಥ?

ಇದರ ಜೊತೆಗೆ ಇನ್ನೆರಡು ಸಂಗತಿಗಳಿವೆ. ವಿಭಾಗಕ್ಕೆ ಹೊಸದಾಗಿ ಸಿಮ್ಯುಲೇಟರ್ (ರೋಗಿಯಿಲ್ಲದೆ ಶಸ್ತ್ರಚಿಕಿತ್ಸೆಯನ್ನು ಅಭ್ಯಾಸ ಮಾಡುವ ಯಂತ್ರ) ಬಂದಿದೆ. ಹಿರಿಯರಲ್ಲಿ ಕೆಲವರು ಅದನ್ನು ಆಟಿಕೆಯೆಂದು ತಳ್ಳಿಹಾಕಿದರೆ, ಉಳಿದವರು ಅದರಲ್ಲಿ ತೇರ್ಗಡೆಯಾಗದೆ ರೋಗಿಯನ್ನು ಮುಟ್ಟಬಾರದು ಎನ್ನುತ್ತಾರೆ. ಥೀಸಿಸ್‌ನ ವಿಷಯವನ್ನೂ ಈ ತಿಂಗಳೇ ಒಪ್ಪಿಸಬೇಕಾಗಿದ್ದು, ಎರಡು ಬಗೆಯ ಪ್ಲೇಟ್‌ಗಳನ್ನು ಅರವತ್ತು ರೋಗಿಗಳಲ್ಲಿ ಹೋಲಿಸುವ ವಿಷಯವೊಂದು ಸಿದ್ಧವಾಗಿ ಕೈಗೆ ಬಂದಿದೆ. ಅನುಭವಿಗಳ ಅಭಿಪ್ರಾಯವನ್ನು ಕೋರುತ್ತೇನೆ.

ಉತ್ತರ 1 (ಬೋಧಕ, ಟ್ರಾಮಾ ವಿಭಾಗ)

ನಾನು ನಿಮ್ಮ ಪ್ರಶ್ನೆಯ ಮೊದಲ ಭಾಗಕ್ಕಷ್ಟೇ ಉತ್ತರಿಸುತ್ತೇನೆ. ಯಾವುದೇ ಟ್ರಯಲ್‌ನ ತೀರ್ಮಾನವನ್ನು ಓದುವ ಮೊದಲು, ಅದು ಯಾರನ್ನು ಹೊರಗಿಟ್ಟಿತು ಎಂಬ ಭಾಗವನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಫಿಡೆಲಿಟಿಯಲ್ಲಿದ್ದವರು 35ರಿಂದ 65 ವರ್ಷದೊಳಗಿನ 146 ಜನ. ಪೆಟ್ಟು ಬಿದ್ದು ಹರಿದವರನ್ನೂ, ಮಂಡಿ ಸಿಕ್ಕಿಕೊಂಡು ನೇರವಾಗದವರನ್ನೂ ಅದರಲ್ಲಿ ಸೇರಿಸಿರಲಿಲ್ಲ. ಇಪ್ಪತ್ತರ ಯುವಕನೊಬ್ಬ ಆಟದ ಮೈದಾನದಿಂದ ಮಡಿಸಿದ ಮಂಡಿಯೊಂದಿಗೆ ಬಂದರೆ ಆ ಟ್ರಯಲ್ ಅವನ ಬಗ್ಗೆ ಏನನ್ನೂ ಹೇಳುವುದಿಲ್ಲ. ಪ್ರಾಫರ್‌ನಲ್ಲಿಯೂ ಶಸ್ತ್ರಚಿಕಿತ್ಸೆ ಆಗಲೇಬೇಕೆಂದು ಸ್ಪಷ್ಟವಾಗಿದ್ದವರು ಹೊರಗಿದ್ದರು.

ಆದರೆ ನನಗೆ ಹೆಚ್ಚು ಮುಖ್ಯವೆನಿಸುವುದು ಮಣಿಕಟ್ಟಿನ ಮುರಿತದ ಕಥೆ, ಏಕೆಂದರೆ ತರಬೇತಿಗೆ ಅದರಿಂದ ನೇರವಾದ ಪಾಠವಿದೆ. ಸ್ಕ್ರೂಗಳು ಪ್ಲೇಟಿಗೇ ಬಿಗಿದುಕೊಳ್ಳುವ ಲಾಕಿಂಗ್ ಪ್ಲೇಟ್ ಬಂದ ಮೇಲೆ ಮಣಿಕಟ್ಟಿನ ಬಹುತೇಕ ಮುರಿತಗಳಿಗೆ ಅದನ್ನೇ ಹಾಕುವ ರೂಢಿ ಬೆಳೆಯಿತು. 2014ರಲ್ಲಿ ಬಂದ ಡ್ರಾಫ್ಟ್ ಟ್ರಯಲ್, ಚರ್ಮ ಸೀಳದೆಯೇ ಮೂಳೆಯನ್ನು ಸರಿಹೊಂದಿಸಲು ಸಾಧ್ಯವಿದ್ದ 461 ವಯಸ್ಕರಲ್ಲಿ ಚರ್ಮದ ಮೂಲಕ ಮೂಳೆಗೆ ಚುಚ್ಚುವ ಅಗ್ಗದ ತಂತಿಗಳಾದ ಕೆ-ವೈರ್‌ಗಳನ್ನೂ ಪ್ಲೇಟನ್ನೂ ಹೋಲಿಸಿ, ವರ್ಷದ ನಂತರ ಕೈಯ ಕೆಲಸದಲ್ಲಿ ವ್ಯತ್ಯಾಸವಿಲ್ಲವೆಂದು ತೋರಿಸಿತು. ಅದೇ ತಂಡ 2022ರಲ್ಲಿ ಮತ್ತೂ ಒಂದು ಹೆಜ್ಜೆ ಹಿಂದಕ್ಕೆ ಹೋಗಿ, ಮೂಳೆಯನ್ನು ಕೂಡಿಸಿದ ಮೇಲೆ ವೈರ್ ಬೇಕೇ, ಬರಿಯ ಪ್ಲಾಸ್ಟರ್ ಸಾಕೇ ಎಂದು 500 ಜನರಲ್ಲಿ ಪರೀಕ್ಷಿಸಿತು. ಹನ್ನೆರಡು ತಿಂಗಳಿಗೆ ಎರಡೂ ಗುಂಪುಗಳ ಮಣಿಕಟ್ಟು ಒಂದೇ ತೆರನಾಗಿತ್ತು. ಆದರೆ ಪ್ಲಾಸ್ಟರ್ ಗುಂಪಿನ ಶೇ. 13ರಷ್ಟು ಜನರಿಗೆ ಮೊದಲ ಆರು ವಾರಗಳಲ್ಲೇ ಮೂಳೆ ಜಾರಿ ಶಸ್ತ್ರಚಿಕಿತ್ಸೆ ಬೇಕಾಯಿತು.

ಈ ಶೇ. 13ರ ಬಗ್ಗೆ ಯೋಚಿಸಿ. ಅದರಲ್ಲಿ ಒಂದು ಪಾಲು ಮುರಿತದ ಸ್ವಭಾವದಿಂದ ಬಂದದ್ದು. ಇನ್ನೊಂದು ಪಾಲು ಪ್ಲಾಸ್ಟರ್ ಕಟ್ಟಿದ ಕೈಯಿಂದ ಬಂದಿರಬಹುದು ಎಂಬುದು ನನ್ನ ಅನುಮಾನ. ಮೂರು ಬಿಂದುಗಳಲ್ಲಿ ಒತ್ತಿ ಅಚ್ಚು ಕೂಡಿಸುವುದು, ಹತ್ತಿಯನ್ನು ಬೇಕಾದಷ್ಟೇ ಸುತ್ತುವುದು, ಪ್ಲಾಸ್ಟರ್ ಗಟ್ಟಿಯಾಗುವವರೆಗೆ ಅಂಗೈಯ ಬುಡದಿಂದ ಹಿಡಿದು ಬೆರಳ ತುದಿಯ ಗುರುತು ಬೀಳದಂತೆ ನೋಡಿಕೊಳ್ಳುವುದು, ಇವನ್ನು ಇಂದು ಯಾರೂ ಪರೀಕ್ಷಿಸುವುದಿಲ್ಲ. ಮಕ್ಕಳ ಮುಂದೋಳಿನ ಮುರಿತದಲ್ಲಿ ಪ್ಲಾಸ್ಟರ್ ಎಷ್ಟು ಚೆನ್ನಾಗಿ ಅಚ್ಚುಕೂತಿದೆ ಎಂದು ತಿಳಿಸುವ ಕಾಸ್ಟ್ ಇಂಡೆಕ್ಸ್ ಎಂಬ ಸರಳ ಅಳತೆಯಿದೆ: ಪಕ್ಕದ ಎಕ್ಸ್‌ರೇಯಲ್ಲಿ ಕಾಣುವ ಪ್ಲಾಸ್ಟರಿನ ಒಳ ಅಗಲವನ್ನು ಎದುರಿನ ಎಕ್ಸ್‌ರೇಯ ಒಳ ಅಗಲದಿಂದ ಭಾಗಿಸಬೇಕು, ಅದು ಸುಮಾರು 0.8ನ್ನು ಮೀರಬಾರದು. ತಾವು ಹಾಕಿದ ಪ್ಲಾಸ್ಟರಿಗೆ ಈ ಲೆಕ್ಕ ಹಾಕಿ ನೋಡಿದ ರೆಸಿಡೆಂಟ್‌ಗಳು ಎಷ್ಟು ಜನರಿದ್ದಾರೆ? ಶಸ್ತ್ರಚಿಕಿತ್ಸೆ ಬೇಡವೆಂದು ಹೇಳಿದ ಟ್ರಯಲ್ ನಿಮ್ಮ ಕೆಲಸವನ್ನು ಕಡಿಮೆ ಮಾಡಿಲ್ಲ. ಅದನ್ನು ಥಿಯೇಟರ್‌ನಿಂದ ಪ್ಲಾಸ್ಟರ್ ಕೋಣೆಗೆ ವರ್ಗಾಯಿಸಿದೆ.

ಉತ್ತರ 2 (ಸಿಮ್ಯುಲೇಷನ್ ಪ್ರಯೋಗಾಲಯದ ಹೊಣೆ ಹೊತ್ತವರು)

ಸಿಮ್ಯುಲೇಟರ್‌ಗಳ ವಿಚಾರದಲ್ಲಿ ಎರಡೂ ಕಡೆಯ ಹಿರಿಯರು ಅರ್ಧ ಸರಿಯಾಗಿದ್ದಾರೆ. ಥಿಯೇಟರ್‌ನ ಹೊರಗೆ ಮೂಳೆಯ ಮೇಲೆ ಕೈ ಪಳಗಿಸುವುದು ಹೊಸದೇನಲ್ಲ, ಮುರಿತಗಳಿಗೆ ಚಿಕಿತ್ಸೆ ಮಾಡುವ ಶಸ್ತ್ರಚಿಕಿತ್ಸಕರ ಸಂಘಟನೆಯಾದ ಸ್ವಿಟ್ಜರ್ಲೆಂಡಿನ ಎ.ಒ. ಗುಂಪು 1960ರ ಡಿಸೆಂಬರ್‌ನಲ್ಲಿ ದಾವೋಸ್‌ನಲ್ಲಿ ನಡೆಸಿದ ಮೊದಲ ಕೋರ್ಸಿನ ಕಾಲದಿಂದಲೂ ಅದು ನಡೆದುಬಂದಿದೆ. ಬದಲಾಗಿರುವುದು ಕಲಿಯಲು ಸಿಗುವ ಸಮಯ. ಅಮೆರಿಕದಲ್ಲಿ 2003ರಿಂದ ರೆಸಿಡೆಂಟ್‌ಗಳ ಕೆಲಸವನ್ನು ವಾರಕ್ಕೆ ಸರಾಸರಿ 80 ಗಂಟೆಗೆ ಮಿತಿಗೊಳಿಸಲಾಗಿದೆ, ಯುರೋಪಿನ ನಿಯಮದ ಮಿತಿ 48 ಗಂಟೆ. ಮೊದಲು ಕೇವಲ ಹಾಜರಿಯಿಂದ ಕೈಗೆ ಹತ್ತುತ್ತಿದ್ದುದನ್ನು ಈಗ ಉದ್ದೇಶಪೂರ್ವಕವಾಗಿ ಕಲಿಸಬೇಕಾಗಿದೆ. ಟೊರಾಂಟೊ ವಿಶ್ವವಿದ್ಯಾಲಯ 2009ರಲ್ಲಿ, ಇಷ್ಟು ವರ್ಷ ಎಂಬ ಅಳತೆಯನ್ನು ಬಿಟ್ಟು, ಇಂತಿಂಥ ಕೆಲಸವನ್ನು ಸ್ವತಂತ್ರವಾಗಿ ಮಾಡಬಲ್ಲರೇ ಎಂಬ ಅಳತೆಯ ಮೇಲೆ ಮೂಳೆ ಶಸ್ತ್ರಚಿಕಿತ್ಸೆಯ ತರಬೇತಿಯನ್ನು ಆರಂಭಿಸಿದ್ದರ ಹಿಂದೆಯೂ ಇಂಥದೇ ಯೋಚನೆಯಿದೆ.

ಸಿಮ್ಯುಲೇಟರ್ ಎಲ್ಲಿ ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ಒಂದೇ ಉದಾಹರಣೆ ಕೊಡುತ್ತೇನೆ. ಸೊಂಟದ ಮುರಿತಕ್ಕೆ ಡೈನಮಿಕ್ ಹಿಪ್ ಸ್ಕ್ರೂ (ತೊಡೆಮೂಳೆಯ ತಲೆಯನ್ನು ಹಿಡಿದಿಡುವ ದೊಡ್ಡ ಸ್ಕ್ರೂ) ಹಾಕುವಾಗ ಎಲ್ಲವೂ ಅದಕ್ಕೆ ದಾರಿ ತೋರುವ ಗೈಡ್ ವೈರನ್ನು ಅವಲಂಬಿಸಿರುತ್ತದೆ. ಅದರ ತುದಿ ಎದುರಿನ ಚಿತ್ರದಲ್ಲಿಯೂ ಪಕ್ಕದ ಚಿತ್ರದಲ್ಲಿಯೂ ತೊಡೆಮೂಳೆಯ ತಲೆಯ ನಡುವೆ, ಕೀಲಿನ ಮೇಲ್ಮೈಗೆ ಹತ್ತಿರದಲ್ಲಿ ನಿಲ್ಲಬೇಕು. ಸ್ಕ್ರೂವಿನ ತುದಿಯಿಂದ ತಲೆಯ ಶಿಖರಕ್ಕಿರುವ ದೂರವನ್ನು ಎರಡೂ ಚಿತ್ರಗಳಲ್ಲಿ ಅಳೆದು ಕೂಡಿದರೆ ಬರುವುದು ಟಿಪ್-ಅಪೆಕ್ಸ್ ಅಂತರ. ಅದು 25 ಮಿಲಿಮೀಟರನ್ನು ಮೀರಿದರೆ ಸ್ಕ್ರೂ ತಲೆಯನ್ನು ಸೀಳಿಕೊಂಡು ಹೊರಬರುವ ಅಪಾಯ ಏರುತ್ತದೆ ಎಂಬುದು 1995ರಿಂದ ನಾವು ಬಳಸುತ್ತಿರುವ ಅಳತೆಗೋಲು. ಹೊಸಬರು ಮೊದಲು ಎದುರಿನ ಚಿತ್ರವನ್ನಷ್ಟೇ ನೋಡಿ ವೈರನ್ನು ತಳ್ಳುತ್ತಾರೆ, ಆಮೇಲೆ ಪಕ್ಕದ ಚಿತ್ರದಲ್ಲಿ ಅದು ಹಿಂದಕ್ಕೋ ಮುಂದಕ್ಕೋ ಹೋಗಿರುವುದು ಕಂಡು ಹೊರತೆಗೆದು ಮತ್ತೆ ಹೊಡೆಯುತ್ತಾರೆ. ಪ್ರತಿ ಸಲವೂ ಥಿಯೇಟರಿನ ಎಕ್ಸ್‌ರೇ ಯಂತ್ರವಾದ ಸಿ-ಆರ್ಮ್‌ನ ವಿಕಿರಣ ಹೆಚ್ಚುತ್ತದೆ, ಮೂಳೆಯ ಹೊರಗೋಡೆಯಲ್ಲಿ ಮತ್ತೊಂದು ರಂಧ್ರ ಬೀಳುತ್ತದೆ. ಎರಡು ಚಿತ್ರಗಳಿಂದ ಮೂರು ಆಯಾಮಗಳನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುವ ಈ ಕೌಶಲವನ್ನು ರೋಗಿಯ ಮೇಲೆ ಕಲಿಯಬೇಕಾದ ಅಗತ್ಯವೇ ಇಲ್ಲ.

ಹಾಗೆಯೇ ಡ್ರಿಲ್ಲಿನ ನಿಯಂತ್ರಣ. ಎದುರುಬದಿಯ ಗಟ್ಟಿ ಪದರವನ್ನು ದಾಟುವ ಕ್ಷಣದಲ್ಲಿ ಶಬ್ದ ಬದಲಾಗಿ ತಡೆ ಒಮ್ಮೆಲೇ ಇಲ್ಲವಾಗುತ್ತದೆ. ಆಗಲೂ ಕೈ ಒತ್ತುತ್ತಲೇ ಇದ್ದರೆ ತುದಿ ಮೂಳೆಯಾಚೆಯ ನರ, ರಕ್ತನಾಳಗಳತ್ತ ನುಗ್ಗುತ್ತದೆ. ಅದು ಎಷ್ಟು ಮಿಲಿಮೀಟರ್ ನುಗ್ಗಿತೆಂದು ಕೃತಕ ಮೂಳೆಯ ಮೇಲೆ ಸುಲಭವಾಗಿ ಅಳೆಯಬಹುದು, ರೋಗಿಯಲ್ಲಿ ಅಳೆಯಲಾಗದು.

ಸಿಮ್ಯುಲೇಟರ್ ಕಲಿಸದ ಸಂಗತಿಗಳೂ ಇವೆ. ಊದಿಕೊಂಡ ಸ್ನಾಯುವಿನಲ್ಲಿ ಸರಿಯಾದ ಪದರವನ್ನು ಹುಡುಕುವುದು, ಟೊಳ್ಳಾದ ಮೂಳೆಯಲ್ಲಿ ಸ್ಕ್ರೂ ಹಿಡಿಯುತ್ತಿಲ್ಲವೆಂದು ಬೆರಳಿಗೆ ತಿಳಿಯುವುದು, ಅಂದುಕೊಂಡ ಯೋಜನೆಯನ್ನು ನಡುವೆಯೇ ಕೈಬಿಡುವುದು, ಇವೆಲ್ಲ ಥಿಯೇಟರ್‌ನಲ್ಲಿಯೇ ಆಗಬೇಕು. ಯಂತ್ರದಲ್ಲಿ ಅಂಕ ಏರಿತೆಂಬುದು ರೋಗಿಗೆ ಲಾಭವಾಯಿತೆಂಬುದಕ್ಕೆ ಪುರಾವೆಯಲ್ಲ. ಸಿಮ್ಯುಲೇಷನ್ ಕುರಿತ ಬಹುಪಾಲು ಅಧ್ಯಯನಗಳು ಯಂತ್ರದ ಅಂಕದಲ್ಲೇ ನಿಂತುಬಿಡುತ್ತವೆ, ಅದು ನಮ್ಮ ಕ್ಷೇತ್ರದ ದೊಡ್ಡ ಕೊರತೆ.

ಉತ್ತರ 3 (ಕ್ಲಿನಿಕಲ್ ಟ್ರಯಲ್‌ಗಳ ಸಂಖ್ಯಾಶಾಸ್ತ್ರ ನೋಡಿಕೊಳ್ಳುವವರು)

ಮೊದಲ ಉತ್ತರಕ್ಕೆ ಒಂದು ಸಣ್ಣ ತಕರಾರು. ಯಾರನ್ನು ಹೊರಗಿಟ್ಟರು ಎಂದು ಓದುವುದು ಸರಿಯೇ. ಆದರೆ ಅದೇ ಓದು, ‘ನನ್ನ ರೋಗಿ ಬೇರೆ’ ಎಂಬ ಶಾಶ್ವತ ನೆಪವಾಗಿ ಬಳಕೆಯಾಗುವುದನ್ನೂ ಸಾಕಷ್ಟು ನೋಡಿದ್ದೇನೆ. ಹೊರಗಿಟ್ಟವರ ಪಟ್ಟಿಯನ್ನು ಓದಿದಷ್ಟೇ ಶ್ರದ್ಧೆಯಿಂದ, ಒಳಗಿದ್ದವರು ನಿಮ್ಮ ಹೊರರೋಗಿ ವಿಭಾಗದಲ್ಲಿ ಎಷ್ಟು ಜನರಿದ್ದಾರೆಂದು ಎಣಿಸಿ.

ಇನ್ನು ಥೀಸಿಸ್. ಅರವತ್ತು ರೋಗಿಗಳಲ್ಲಿ ಎರಡು ಪ್ಲೇಟ್‌ಗಳನ್ನು ಹೋಲಿಸುವ ವಿಷಯವನ್ನು ದಯವಿಟ್ಟು ಬಿಡಿ. ಲೆಕ್ಕ ಸರಳವಾಗಿದೆ: ಆಳದ ಸೋಂಕು ಶೇ. 2ರಿಂದ ಶೇ. 1ಕ್ಕೆ ಇಳಿಯುವುದನ್ನು ಶೇ. 80ರ ಸಾಮರ್ಥ್ಯದೊಂದಿಗೆ (ವ್ಯತ್ಯಾಸ ನಿಜವಾಗಿದ್ದರೆ ನೂರಕ್ಕೆ ಎಂಬತ್ತು ಸಲ ಕಾಣುವಂತೆ) ಪತ್ತೆಹಚ್ಚಲು ಪ್ರತಿ ಗುಂಪಿನಲ್ಲೂ ಸುಮಾರು 2,300 ರೋಗಿಗಳು ಬೇಕು. ಮೂವತ್ತು ಜನರ ಗುಂಪಿನಲ್ಲಿ ಒಬ್ಬರಿಗೆ ಸೋಂಕಾದರೂ ಅದು ಶೇ. 3ಕ್ಕಿಂತ ಹೆಚ್ಚು! ಹೀಗಾಗಿಯೇ ಈಚಿನ ಉತ್ತಮ ಕೆಲಸವೆಲ್ಲ ಹಲವು ಆಸ್ಪತ್ರೆಗಳು ಕೂಡಿ ನಡೆಸಿದ್ದು. ಚರ್ಮ ಸೀಳಿ ಹೊರಬಂದ ಮುರಿತಗಳನ್ನು ಸೋಪಿನ ದ್ರಾವಣದಿಂದ ತೊಳೆಯುವುದು ಮೇಲೋ, ಬರಿಯ ಸಲೈನ್ ಮೇಲೋ ಎಂಬುದನ್ನು 2015ರ ಫ್ಲೋ ಟ್ರಯಲ್ ಎರಡೂವರೆ ಸಾವಿರ ಜನರಲ್ಲಿ ಪರೀಕ್ಷಿಸಿತು. ಸೋಪು ಬಳಸಿದವರಿಗೇ ಮರುಶಸ್ತ್ರಚಿಕಿತ್ಸೆ ಹೆಚ್ಚು ಬೇಕಾಯಿತು. ಮುರಿತದ ರೋಗಿಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಮಾತ್ರೆ ಸಾಕೇ, ಹೆಪರಿನ್ ಇಂಜೆಕ್ಷನ್ ಬೇಕೇ ಎಂಬ ಪ್ರಶ್ನೆಗೆ 2023ರಲ್ಲಿ ಉತ್ತರ ಸಿಗಲು 12,211 ರೋಗಿಗಳು ಬೇಕಾದರು. ಸಾವಿನ ಪ್ರಮಾಣದಲ್ಲಿ ಆಸ್ಪಿರಿನ್ ಹಿಂದೆ ಬೀಳಲಿಲ್ಲ.

ಟ್ರಯಲ್‌ಗಳು ಹಿಡಿಯಲಾಗದ್ದನ್ನು ಹಿಡಿಯುವುದು ರಿಜಿಸ್ಟ್ರಿ, ಅಂದರೆ ಮಾಡಿದ ಪ್ರತಿ ಶಸ್ತ್ರಚಿಕಿತ್ಸೆಯನ್ನೂ ಬರೆದಿಡುವ ದಾಖಲೆ. ಸ್ವೀಡನ್ 1975ರಲ್ಲಿ ಮಂಡಿ ಕೀಲು ಬದಲಾವಣೆಗೂ, 1979ರಲ್ಲಿ ಸೊಂಟದ ಕೀಲು ಬದಲಾವಣೆಗೂ ರಾಷ್ಟ್ರೀಯ ದಾಖಲೆ ಆರಂಭಿಸಿತು. ಲೋಹದ ಮೇಲೆ ಲೋಹ ಉಜ್ಜುವ ಎ.ಎಸ್.ಆರ್. ಸೊಂಟದ ಕೀಲು ಬೇಗನೆ ವಿಫಲವಾಗುತ್ತಿದೆ ಎಂಬುದು ಇಂಥ ದಾಖಲೆಗಳಲ್ಲಿ ಕಂಡುಬಂದು, 2010ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು. ರಿಜಿಸ್ಟ್ರಿಗೆ ದಾಖಲೆ ತುಂಬಿಸುವ ಬೇಸರದ ಕೆಲಸವನ್ನು ರೆಸಿಡೆಂಟ್‌ಗಳ ಮೇಲೆ ಹೊರಿಸಲಾಗುತ್ತದೆ, ಅದಕ್ಕೆ ಯಾರೂ ಪ್ರಮಾಣಪತ್ರ ಕೊಡುವುದಿಲ್ಲ. ಆದರೂ ನನ್ನ ದೃಷ್ಟಿಯಲ್ಲಿ ಅರವತ್ತು ಪ್ಲೇಟ್‌ಗಳ ಹೋಲಿಕೆಗಿಂತ ಅದೇ ನಿಜವಾದ ಸಂಶೋಧನೆ.

ಉತ್ತರ 4 (ತರಬೇತಿ ಮುಗಿಸಿ ಸ್ವತಂತ್ರವಾಗಿ ಕೆಲಸ ಆರಂಭಿಸಿದವರು)

ಹೊಸ ಸಾಧನಗಳ ಬಗ್ಗೆಯೂ ಒಂದು ಮಾತು ಇರಲಿ. ಭುಜದ ಸ್ನಾಯುರಜ್ಜು ಸರಿಪಡಿಸಲಾಗದಷ್ಟು ಹರಿದಾಗ ಕೀಲಿನ ಮೇಲೆ ಬಲೂನು ಇಡುವ ವಿಧಾನ ಉತ್ಸಾಹದಿಂದ ಹರಡಿತ್ತು. 2022ರ ಸ್ಟಾರ್ಟ್ ರಿಯಾಕ್ಟ್ಸ್ ಟ್ರಯಲ್‌ನಲ್ಲಿ, ಬಲೂನಿಲ್ಲದೆ ಆರ್ತ್ರೋಸ್ಕೋಪಿಯಿಂದ ಶುಚಿಗೊಳಿಸಿದವರೇ ಮೇಲಿದ್ದರು, ಬಲೂನಿನಿಂದ ಲಾಭ ಕಾಣುವ ಸಾಧ್ಯತೆಯಿಲ್ಲವೆಂದು ಅಧ್ಯಯನವನ್ನು ನಿಗದಿತ ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಕಂಪನಿಗಳು ನಡೆಸುವ ಕಾರ್ಯಾಗಾರಗಳಲ್ಲಿ ಸಾಧನವನ್ನು ಕೂರಿಸಲು ಚೆನ್ನಾಗಿಯೇ ಕಲಿಸುತ್ತಾರೆ. ಅದನ್ನು ಕೂರಿಸಬೇಕೇ ಎಂಬುದನ್ನು ಅಲ್ಲಿ ಕಲಿಯುವ ನಿರೀಕ್ಷೆ ಬೇಡ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಪ್ಲೇಟ್‌ಗಳ ಹೋಲಿಕೆಯನ್ನು ಬಿಡಲು ಮಾರ್ಗದರ್ಶಕರು ಒಪ್ಪಿದ್ದಾರೆ. ಅದರ ಬದಲು, ನಮ್ಮ ವಿಭಾಗದಲ್ಲಿ ರೆಸಿಡೆಂಟ್‌ಗಳು ಹಾಕಿದ ಹಿಪ್ ಸ್ಕ್ರೂಗಳ ಟಿಪ್-ಅಪೆಕ್ಸ್ ಅಂತರವನ್ನು ಸಿಮ್ಯುಲೇಟರ್ ಬರುವ ಮೊದಲು ಮತ್ತು ಬಂದ ನಂತರ ಹೋಲಿಸಿ ನೋಡಬಹುದೇ?

ಉತ್ತರ 3ರವರಿಂದ

ನೋಡಬಹುದು, ಆದರೆ ಎಚ್ಚರದಿಂದ. ಎಕ್ಸ್‌ರೇಯಲ್ಲಿ ಎಲ್ಲವೂ ದೊಡ್ಡದಾಗಿ ಕಾಣುವುದರಿಂದ, ಸ್ಕ್ರೂವಿನ ನಿಜವಾದ ವ್ಯಾಸವನ್ನು ಚಿತ್ರದಲ್ಲಿ ಅಳೆದ ವ್ಯಾಸದಿಂದ ಭಾಗಿಸಿ ಪ್ರತಿ ಅಳತೆಯನ್ನೂ ತಿದ್ದಬೇಕು. ಚಿತ್ರಗಳಿಂದ ದಿನಾಂಕವನ್ನೂ ಹೆಸರನ್ನೂ ಮರೆಮಾಡಿ, ಯಾವುದು ಸಿಮ್ಯುಲೇಟರಿಗೆ ಮೊದಲಿನದು ಎಂದು ತಿಳಿಯದ ಇಬ್ಬರು ಬೇರೆಬೇರೆಯಾಗಿ ಅಳೆಯಲಿ. ಅವರಲ್ಲಿ ಒಬ್ಬರು ಕೆಲವು ವಾರ ಬಿಟ್ಟು ಮತ್ತೊಮ್ಮೆ ಅಳೆಯಲಿ. ಅಂತರ ಕಡಿಮೆಯಾದರೂ ಅದಕ್ಕೆ ಸಿಮ್ಯುಲೇಟರೇ ಕಾರಣವೆಂದು ಬರೆಯಬೇಡಿ, ಅದೇ ಅವಧಿಯಲ್ಲಿ ಹಿರಿಯರ ಮೇಲ್ವಿಚಾರಣೆಯೋ ಸಿ-ಆರ್ಮ್ ಯಂತ್ರವೋ ಬದಲಾಗಿರಬಹುದು. ಮುರಿತದ ಬಗೆ ಮತ್ತು ಅದನ್ನು ಕೂಡಿಸಿದ ಗುಣಮಟ್ಟವನ್ನೂ ದಾಖಲಿಸಿ, ಏಕೆಂದರೆ ತಪ್ಪಾಗಿ ಕೂಡಿಸಿದ ಮುರಿತದಲ್ಲಿ 20 ಮಿಲಿಮೀಟರಿನ ಅಂತರವೂ ಸ್ಕ್ರೂವನ್ನು ಉಳಿಸುವ ಖಾತರಿಯಿಲ್ಲ. ನೈತಿಕ ಸಮಿತಿಯ ಒಪ್ಪಿಗೆಯನ್ನು ಮೊದಲ ಎಕ್ಸ್‌ರೇ ತೆರೆಯುವ ಮುನ್ನವೇ ಪಡೆಯಿರಿ.